ಹಾಸಿಲ್ಲ, ಹೊಕ್ಕಿಲ್ಲ

ಮಗ್ಗ ಮಾರಿದ್ವಿ. ಕುಣಿ ಮಾರಾಕ ಬರಲಿಲ್ಲ.
ಬೆಟಗೇರಿಯ ಈ ಪಡಸಾಲ್ಯಾಗ
ಮೊಣಕಾಲುದ್ದ ಅದು ಹಂಗ ಬಾಯಿ ತೆರಕೊಂಡೈತಿ.
ಅದರಾಗ ಕಾಲು ಇಳಿಬಿಟ್ಟು ಕುಂದರ್ತೀನಿ,
ಬಾಜೂಕ ಉಲ್ಲನ್ ಉಂಡಿ, ತೊಡಿ ಮ್ಯಾಲ ಎರಡು ಸೂಜಿ,
ಹತ್ತನೇ ನಂಬರಿನವು, ಒಂದರ ತುದಿ ಸ್ವಲ್ಪ ಸೊಟ್ಟ.

ಮಾವ ಬನಪ್ಪ ಗ್ವಾಡಿಗೆ ಒರಗಿರ್ತಾರ.
ಐವತ್ತು ವರ್ಷ ಲಾಳಿ ಒಗದ ಕೈ,
ಈಗ ಬಶಿ ಹಿಡದ್ರ ಚಾದಾಗ ತೆರಿ ಏಳತಾವ.
ಕಣ್ಣಾಗ ಪೊರಿ. ಬಾಯಿ ಮಾತ್ರ ಇನ್ನೂ ಬಿಗಿ ನೂಲು:
"ಹಾಸಿಲ್ಲ, ಹೊಕ್ಕಿಲ್ಲ. ಒಂದ ಎಳಿ.
ತನಗ ತಾನ ಗಂಟು ಬಿದ್ದಿದ್ದಕ್ಕ
ಅರಿವಿ ಅಂತೀಯೇನವಾ?"

ನಾನು ಮಾತಾಡಂಗಿಲ್ಲ. ಎಣಸ್ತಿರ್ತೀನಿ.
ಎರಡು ಸೀದಾ, ಎರಡು ಉಲ್ಟಾ.
ಲೆಕ್ಕ ತಪ್ಪಿದ್ರ
ಹೆಗಲು ಬ್ಯಾರೆ ಯಾರದೋ ಆಗತೈತಿ.

ಈ ಸಲದ ಹೆಗಲು ದಾವಲಸಾಬ ನದಾಫಂದು.
ಅವರಜ್ಜ ನಮ್ಮನಿ ಗಾದಿಗೆ ಅರಳಿ ಹಿಂಜಿದಾಂವ,
ಇವ ಕಪ್ಪತಗುಡ್ಡದಾಗ ಗಾಳಿ ಗಾಲಿ ರಿಪೇರಿ ಮಾಡ್ತಾನ.
ಕಂಬದ ಒಳಗ ಕಬ್ಬಣದ ನಿಚ್ಚಣಿಕಿ,
ನೆಟ್ಟಗ, ಇನ್ನೂರಾ ಎಂಬತ್ತು ಮೆಟ್ಟಲ.
"ಅಕ್ಕಾ, ಮ್ಯಾಲ ಮುಟ್ಟಿದಕೂಡ್ಲೆ ಬೆವರು ಆರತೈತಿ,
ಆರಿತು ಅಂದ್ರ ಎಲುವಿಗೆ ಹೊಕ್ಕತೈತಿ ನೋಡು ಥಂಡಿ."
ಅಂಗಡಿ ಸ್ವೆಟರು ತಂದು ತೋರಿಸಿದ:
ಬೆಲ್ಟು ತಿಕ್ಕಿ ತಿಕ್ಕಿ ನಡ ಸವದು ಜಾಳಜಾಳ.

ಅಳತಿ ತಗೊಂಡೆ. ಸುಮ್ಮ ನಿಂತಾಗಲ್ಲ.
ಎರಡೂ ಕೈ ಮ್ಯಾಲೆತ್ತು ಅಂದೆ, ಮೆಟ್ಟಲ ಹಿಡದಂಗ.
ಎತ್ತಿದ್ರ ಬೆನ್ನು ನಾಕು ಬೆರಳು ಬರಿದಾತು.
ಆ ನಾಕು ಬೆರಳು ಬರಕೊಂಡೆ.
ಬಗಲಾಗ ಒಂದು ಚೌಕ ಸಡಿಲ, ನಡದಾಗ ಎರಡೆಳಿ,
ತೋಳು ಮಣಿಕಟ್ಟಿಗೆ ಬಿಗಿ. ಏನೂ ಜೋತಾಡಬಾರದು.
ಗುಂಡಿ ಬ್ಯಾಡ, ಲಾಡಿ ಬ್ಯಾಡ.

ಹಾಳಿ ಹುಡುಕಿದ್ರ ಮಾವನ ಟ್ರಂಕಿನ್ಯಾಗ ಸಿಕ್ಕಿತು:
ಸೀರಿ ಅಂಚಿನ ಗ್ರಾಫು, ಮೂಲಿ ಜಿರಲಿ ತಿಂದದ್ದು,
ಗೋಮಿ, ಪರಾಸಪೇಟಿ, ಚೌಕಕ್ಕೊಂದು ಪೆನ್ಸಿಲ್ ಚುಕ್ಕಿ.
ಕೇಳಲಿಲ್ಲ. ಹಿಂಬದಿ ಖಾಲಿ ಇತ್ತು, ಅಲ್ಲಿ ಸ್ವೆಟರು ಬರದೆ.
ಬರಿಯುವಾಗ ಆ ಕಡೆ ಗೋಮಿ ಈ ಕಡೆ ಮೂಡಿ ಕಾಣತಿತ್ತು;
ಕೈ ತಡೀಲಿಲ್ಲ, ಕೆಳಗಿನ ಪಟ್ಟಿಗೆ ಎತ್ತಿಕೊಂಡೆ,
ಬೂದಿ ಬಣ್ಣದ ಮ್ಯಾಲ ಬ್ಯಾಡಗಿ ಮೆಣಸಿನಕಾಯಿ ಕೆಂಪು.

ನಾವು ಒಂದೊಂದು ಕುಣಿಕಿಗೂ ಮನಿ ಅಂತೀವಿ.
ನೂರಾ ಹದಿನಾರು ಮನಿ ಸೂಜಿ ಮ್ಯಾಲ,
ಒಂದರ ತಲಿ ಮ್ಯಾಲೊಂದು ನಿಂತ್ರ ಓಣಿ.
ಗ್ವಾಡಿ ಇಲ್ಲ ಯಾವದಕ್ಕೂ; ಬಾಜೂದ್ದು ಹಿಡದ್ರ ಇದು ನಿಂತೀತು.
ಒಂದು ಮನಿ ಬಿತ್ತು ಅಂದ್ರ
ಸದ್ದಿಲ್ಲದ ಓಣಿ ಪೂರಾ ಬಿಚಗೋತೈತಿ.

ಅವತ್ತು ಕರೆಂಟ್ ಹೋಗಿತ್ತು. ಒಲಿ ಮ್ಯಾಲ ಹಾಲು.
ಇಳಿಸಿ ಬಂದ್ರ ಸ್ವೆಟರು ಮಾವನ ತೊಡಿ ಮ್ಯಾಲ,
ಕತ್ತಲದಾಗ ಬೆರಳಾಡಸ್ತಿದ್ರು
ಗಿರಾಕಿ ಮುಂದ ಸೀರಿ ಮಡಿಕಿ ಬಿಚ್ಚಿದಂಗ.
ಪಟ್ಟಿ ಮುಟ್ಟಿ ಸುಮ್ಮನಾದ್ರು. ಗುರ್ತು ಸಿಕ್ಕಿರಬೇಕು.
ಬೈಲಿಲ್ಲ.
ಬೆರಳು ಮ್ಯಾಲ ಹೋತು, ಎಡಗಡೆ ಬೆನ್ನಿಗೆ, ನಿಂತಿತು.
ನಡುಗಲಿಲ್ಲ.
"ಇಲ್ಲೊಂದು ಬಿದ್ದೈತಿ."

ಮೇಣಬತ್ತಿ ಹಿಡದು ನೋಡಿದೆ. ಖರೇನ.
ಹಾಲಿಗಂತ ಎದ್ದಾಗ ಆ ಸೊಟ್ಟ ತುದಿಯಿಂದ ಜಾರಿ
ಹನ್ನೊಂದು ಸಾಲು ಕೆಳಗ ಇಳದಿತ್ತು.
ಕೊಕ್ಕಿ ಸೂಜಿ ತಗೊಂಡು
ಬರಿದಾದ ಅಡ್ಡೆಳಿ ಒಂದೊಂದ ಹಿಡದು
ಆ ಮನಿನ್ನ ಹನ್ನೊಂದು ಮೆಟ್ಟಲ ಏರಿಸಿದೆ.
ಮಾವ ದೀಪಕ್ಕ ಕೈ ಅಡ್ಡ ಹಿಡದಿದ್ರು.

"ಎಷ್ಟ ಹೇಳೀದಿ?"
"ಒಂಬೈನೂರು."
"ಕಡಿಮಿ ಆತು," ಅಂದ್ರು. ಸ್ವಲ್ಪ ತಡದು,
"ಅರಿವಿ ಅಲ್ಲ ಅದು. ಆದ್ರ ಕಡಿಮಿ ಆತು."

ದಾವಲ ಬಂದು ಒಯ್ದ. ಕೈ ಎತ್ತಿ ತೋರಿಸಿದ.
ಬೆನ್ನು ಕಾಣಲಿಲ್ಲ.

ಈಗ ಮುಂಜಾನೆ ಮಾಳಗಿ ಮ್ಯಾಲ ಅರಿವಿ ಒಣಹಾಕುವಾಗ
ಗುಡ್ಡದ ಕಡೆ ನೋಡ್ತೀನಿ. ಗಾಲಿ ತಿರಗತಿರತಾವ.
ಯಾವದರ ಒಂದು ನಿಂತಿದ್ರ
ಅದರೊಳಗ ಅವ ಅದಾನ ಅಂತ ನನ್ನ ಲೆಕ್ಕ.
ತಿರಗೂತನಕ ನೋಡ್ತೀನಿ.