ಉಸಿರು ಹಿಡೀರಿ

ಆರು ಗಂಟೆಗೆ ಮೊದಲೇ ಇಳಿಯಬೇಕು ಹಿತ್ತಲಿಗೆ.
ಆರೂಕಾಲಿಗೆ ದಾಕ್ಷಾಯಿಣಿಯ ಬುಟ್ಟಿ ಬರುತ್ತದೆ,
ಆಮೇಲೆ ಹೂವೆಲ್ಲ ದೇವರ ಪಾಲು,
ನನಗೆ ಉಳಿಯುವುದು ತೊಟ್ಟು.

ಹಾಸನದ ಚಳಿ ಮಂಡಿಯಲ್ಲಿ ಕೂತಿದೆ.
ಗೋಣಿತಾಟು ಹಾಸಿ, ಮೊಣಕೈ ಊರಿ,
ಡೇರೆ ಹೂವಿನೆದುರು ಬೋರಲು ಮಲಗುತ್ತೇನೆ.
ಸಾಲಗಾಮೆ ರಸ್ತೆಯ ಮೊದಲ ಬಸ್ಸು
ಕಾಂಪೌಂಡಿನಾಚೆ ಗೇರು ಬದಲಿಸುವುದು
ಮಣ್ಣಿನ ಮೂಲಕ ಎದೆಗೇ ಕೇಳಿಸುತ್ತದೆ.

ಫ್ಲಾಶು ಮನ್ಸೂರನದು, ಮದುವೆ ಫೋಟೋ ತೆಗೆಯುವವನದು.
"ಧನುರ್ಮಾಸ ಸಾರ್, ಲಗ್ನ ಇಲ್ಲ,
ಸಂಕ್ರಾಂತಿವರೆಗೆ ಇಟ್ಕೊಳ್ಳಿ" ಅಂದ.

ಮೊದಲ ದಿನ ಬರಿಯ ಫ್ಲಾಶಿನಲ್ಲೇ ಹೊಡೆದೆ.
ಥೂ! ಹಿಂದೆಲ್ಲ ಕಪ್ಪು, ಮುಂದೆ ಸುಣ್ಣ ಬಳಿದ ಹೂ,
ಎಸಳಿಗೊಂದು ಚೂಪು ನೆರಳು.
ನಡುರಾತ್ರಿ ಅಪಘಾತದ ಕೇಸು
ಸ್ಟ್ರೆಚರಿನಿಂದ ನನ್ನ ಮೇಜಿಗೆ ಬಂದ ಹಾಗೆ.

ಮೂವತ್ತೊಂದು ವರ್ಷ, ಜಿಲ್ಲಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ನನಗೆ ಗೊತ್ತಿದ್ದ ಬೆಳಕು ಒಂದೇ ಥರದ್ದು:
ಚರ್ಮಕ್ಕೊಂದು ನಮಸ್ಕಾರವನ್ನೂ ಹೇಳದೆ
ನೇರ ಒಳಕ್ಕೆ ನುಗ್ಗುವುದು.
ಅರಕಲಗೂಡಿನ ಭುಜ, ಆಲೂರಿನ ಮಂಡಿ,
ದುದ್ದದಿಂದ ಬಂದ ಯಾರದೋ ಕೆಮ್ಮಿನ ಎದೆಗೂಡು.
ಊರು ನೆನಪಿದೆ, ಮೂಳೆ ನೆನಪಿದೆ,
ಒಂದು ಮುಖವೂ ಇಲ್ಲ.

ಬೆಳಕನ್ನು ಮೆತ್ತಗೆ ಮಾಡುವುದು ಕಲಿಸಿದ್ದು ಹಾಲಿನ ಪ್ಯಾಕೆಟ್ಟು.
ಕತ್ತರಿಸಿ, ತೊಳೆದು, ಒಳಮೈ ಹೊರಗೆ ಮಾಡಿ
ರಬ್ಬರ್ ಬ್ಯಾಂಡಿನಲ್ಲಿ ಫ್ಲಾಶಿನ ಮೂತಿಗೆ ಕಟ್ಟಿದೆ.
ಸಾಲದೆಂದು ಟೈಲರ್ ಗೂಳಪ್ಪನ ಅಂಗಡಿಯ ಅಸ್ತರಿನ ಚೂರು,
ಎಡಗಡೆಗೆ ಒಂದು ಥರ್ಮೋಕೋಲ್ ಹಾಳೆ, ಗಣಪತಿ ಮಂಟಪದಿಂದ ಉಳಿದದ್ದು.
ಬೆಳಕು ಈಗ ಬಾಗಿಲಲ್ಲಿ ನಿಂತು,
ಬರಲೇ ಎಂದು ಕೇಳಿ,
ಚಪ್ಪಲಿ ಬಿಟ್ಟು ಬರುತ್ತದೆ.

ಆಗ ಕಂಡಿತು:
ಕೆಂಪು ಅಂದುಕೊಂಡದ್ದು ಕೆಂಪಲ್ಲ,
ಬುಡದಲ್ಲಿ ಅರಿಶಿನ, ತುದಿಗೆ ಹೋಗುತ್ತ ಬೀಟ್ರೂಟು;
ಎಸಳಿನ ಮೇಲೆ ಅಂಗೈಯಲ್ಲಿರುವಂಥ ಗೆರೆ;
ಇಬ್ಬನಿಯೊಳಗೆ ತಲೆಕೆಳಗಾದ ನಮ್ಮ ನೀರಿನ ಟ್ಯಾಂಕು;
ಒಂದು ಇರುವೆ, ಮುಂಗಾಲಿನಿಂದ ಮೀಸೆ ಒರೆಸಿಕೊಳ್ಳುತ್ತ,
ಯಾವ ಅವಸರವೂ ಇಲ್ಲದೆ.
ಮನ್ಸೂರನಿಗೆ ತೋರಿಸಿದೆ. ನಕ್ಕ.
"ಇರುವೆಗೂ ಒಂದು ಆಲ್ಬಮ್ ಮಾಡ್ಸೋಣ್ವಾ ಸಾರ್?"

ಇಷ್ಟು ಹತ್ತಿರದಲ್ಲಿ ಒಂದು ಉಸಿರೂ ಬಿರುಗಾಳಿ.
ಫೋಕಸ್ಸಿನ ದಪ್ಪ ಒಂದು ಕಾಗದದಷ್ಟು;
ನಾನು ನಿಟ್ಟುಸಿರಿಟ್ಟರೆ ಇರುವೆ ಮಂಜಾಗುತ್ತದೆ.
"ಉಸಿರು ಹಿಡೀರಿ... ಹಾಗೇ... ಅಲ್ಲಾಡಬೇಡಿ..."
ಗಾಜಿನ ಹಿಂದೆ ನಿಂತು ಲಕ್ಷ ಸಲ ಹೇಳಿದ ಮಾತು
ಈಗ ನನಗೇ ಹೇಳಿಕೊಳ್ಳುತ್ತೇನೆ.
ಹೂವು ಮಾತ್ರ ಕೇಳುವುದಿಲ್ಲ. ತೂಗುತ್ತದೆ.
ಅದಕ್ಕೆ ಯಾವ ಡಾಕ್ಟರೂ ಚೀಟಿ ಬರೆದಿಲ್ಲ.

ಇವತ್ತು, ಸರಿಯಾಗಿ ಒತ್ತುವ ಹೊತ್ತಿಗೆ,
ಮೇಲಿನಿಂದ ಒಂದು ಕೈ ಇಳಿಯಿತು.
"ಏಳ್ರೀ, ಸಾಕು. ಇದೊಂದೇ ಚೆನ್ನಾಗಿರೋದು."
ಬೆರಳು ತೊಟ್ಟಿಗೆ ತಾಗಿದ್ದು, ಫ್ಲಾಶು ಬಿದ್ದದ್ದು, ಒಟ್ಟಿಗೆ.

ಪರದೆಯಲ್ಲಿ ಹೂವು ಅರ್ಧ, ಅದೂ ಮಸುಕು.
ಸ್ಪಷ್ಟವಾಗಿರುವುದು ಕೈ:
ಉಗುರಿನ ಸಂದಿಯ ಅರಿಶಿನ, ಸಡಿಲಾದ ಉಂಗುರ,
ಬಳೆ ಉಜ್ಜಿ ಉಜ್ಜಿ ನುಣುಪಾದ ಮಣಿಕಟ್ಟು.

ಈ ಕೈಯ ಒಳಗು ನನಗೆ ಬಾಯಿಪಾಠ.
ಬಚ್ಚಲಲ್ಲಿ ಜಾರಿದ ವರ್ಷ ನಾನೇ ತೆಗೆದಿದ್ದೆ ಫಿಲ್ಮು.
ಉಂಗುರದ ಬೆರಳಿನ ಕೆಳಗೆ ಕೂದಲಿನಷ್ಟು ಬಿರುಕು.
ದೀಪದ ಪೆಟ್ಟಿಗೆಗೆ ಹಿಡಿದು,
ಹೆದರಬೇಡ, ಕೂಡುತ್ತೆ, ಎಂದಿದ್ದೆ.
ಕೂಡಿತೇ ಎಂದು ಆಮೇಲೆ ಕೇಳಿದ್ದು ನೆನಪಿಲ್ಲ.
ಹೊರಗಿನಿಂದ ಏನೂ ಕಾಣುವುದಿಲ್ಲ;
ಹೂ ಕೀಳುವಾಗ
ಬೆರಳೊಂದು ಕೊಂಚ ಪಕ್ಕಕ್ಕೆ ವಾಲುತ್ತದೆ, ಅಷ್ಟೆ.

"ಚಳಿಗೆ ನೋಯುತ್ತಾ?" ಎಂದೆ, ನೆಲದಿಂದಲೇ.
"ಯಾವುದು?" ಎಂದಳು,
ಬುಟ್ಟಿ ಸೊಂಟಕ್ಕಿಟ್ಟು, ಕಾಕಡದ ಕಡೆ ನಡೆಯುತ್ತ.