ಎಡಜೇಬು, ಬಲಜೇಬು

ಬೆಳಿಗ್ಗೆ ಏಳು ಹೇಝಲ್ ಕಾಯಿ ಎಡಜೇಬಿಗೆ.
ಸುಲಿದವಲ್ಲ, ಚಿಪ್ಪಿನವು, ನಡೆದರೆ ಲೊಟಗುಟ್ಟುವಂಥವು.
ಗಿರೆಸುನ್ ಊರಲ್ಲಿ ಇವಕ್ಕೇನು ಬರ,
ಭಾವಮೈದ ಸೆಲಾಮಿ ಮೂಟೆಗಟ್ಟಲೆ ತಂದು ಸುರಿಯುತ್ತಾನೆ.
ಲೆಕ್ಕ ಇಷ್ಟೇ:
ಮಗಳ ಮಾತನ್ನು ನಾನು ಮುಗಿಸಿದೆನೋ,
ಒಂದು ಕಾಯಿ ಬಲಜೇಬಿಗೆ.

ಮೊದಲ ದಿನ ತಿಂಡಿ ಮುಗಿಯುವುದರೊಳಗೆ
ಎಡಜೇಬು ಬರಿದು.

ನಾನು ಮಿನಿಬಸ್ಸಿನವನು. ಇಪ್ಪತ್ತೆರಡು ವರ್ಷ
ಬಂದರಿನಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಬಂದರು.
ಹತ್ತಿದವರ ಚಪ್ಪಲಿ ನೋಡಿಯೇ ಹೇಳಬಲ್ಲೆ
ಎಲ್ಲಿ ಇಳಿಯುತ್ತಾರೆಂದು.
ಅವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ
ಬ್ರೇಕು ಒತ್ತಿರುತ್ತೇನೆ.
"ಶಹಬ್ಬಾಸ್ ಮುಝಫ್ಫರ್" ಅನ್ನುತ್ತಾರೆ.
ಆ ಶಹಬ್ಬಾಸನ್ನೇ ದಿನಾ ಸಂಜೆ
ಬೂಟಿಗಂಟಿದ ಕೆಸರಿನಂತೆ ಮನೆಯೊಳಗೆ ತಂದೆ.

ನೆಸ್ಲಿಹಾನಳಿಗೆ ನಾಲ್ಕನೇ ವಯಸ್ಸಿಗೆ ಉಗ್ಗು ಹತ್ತಿತು.
ಮಾತು ತುಟಿಯ ತನಕ ಬಂದು
ಹೊಸ್ತಿಲಲ್ಲಿ ನಿಂತುಬಿಡುತ್ತದೆ.
ನನಗೋ ಕರುಣೆ. ಕರುಣೆಯೆಂದೇ ತಿಳಿದಿದ್ದೆ.
"ನೀ... ನೀ..." "ನೀರಾ? ತಗೋ."
"ಬ... ಬ..." "ಬಳಪ? ನಾಳೆ ತರ್ತೀನಿ."
ಅವಳ ಬಾಯಿಗೆ ಬಂದ ತುತ್ತನ್ನು ಕಸಿದು
ನಾನೇ ಅಗಿದು ನುಂಗಿ
ಅವಳು ಉಂಡಳೆಂದು ತೇಗಿದೆ.

ಹಾಜೆರ್ ಒಮ್ಮೆ ಪಾತ್ರೆ ಉಜ್ಜುತ್ತಾ, ತಿರುಗದೆಯೇ ಅಂದಳು:
"ಮಗಳು ಉಗ್ಗುವುದು ನಿನ್ನೆದುರಿಗೇ ಹೆಚ್ಚು. ಬೆಕ್ಕಿನ ಹತ್ತಿರ ಸರಾಗ."
ಆ ರಾತ್ರಿ ನಿದ್ದೆ ಬರಲಿಲ್ಲ.
ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡಸು
ಈ ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು.

ಹುಟ್ಟುಗುಣ ಸುಟ್ಟರೂ ಹೋಗದಂತೆ.
ಇದು ಹುಟ್ಟುಗುಣವೂ ಅಲ್ಲ, ಹೊಟ್ಟೆಪಾಡಿಗೆ ಕಲಿತದ್ದು.
ನಾಲಿಗೆಯನ್ನು ಹಲ್ಲಿನಡಿ ಇಟ್ಟು ನೋಡಿದೆ. ಹುಬ್ಬು ಮಾತಾಡಿತು.
ಹುಬ್ಬು ಹಿಡಿದೆ, ತಲೆ ಅಲ್ಲಾಡಿ ಬೇಗ, ಬೇಗ ಅಂದಿತು.
ಬೆರಳು ಮೇಜಿನ ಮೇಲೆ ಹಾರ್ನ್ ಹೊಡೆಯಿತು.
ಇವಕ್ಕೂ ಕಾಯಿ ತೆರಬೇಕೇ? ತೆತ್ತೆ.
ಮೂರನೇ ವಾರ ದಿನಕ್ಕೆ ಐದು.
ನಾಲ್ಕನೇ ವಾರ ಏಳಕ್ಕೆ ಏಳು, ಟೈರು ಎರಡು ಸಲ ಪಂಕ್ಚರಾದ ವಾರ ಅದು.
ರಮಝಾನಿನಲ್ಲಿ ಮೂರಕ್ಕಿಳಿದು ಹಬ್ಬದ ದಿನ ಮತ್ತೆ ಆರು.
ರಾತ್ರಿ ಬಲಜೇಬಿನವನ್ನು ಒಡೆದು ತಿನ್ನುತ್ತಿದ್ದೆ.
ತಪ್ಪಿನ ರುಚಿ ಚೆನ್ನಾಗಿಯೇ ಇರುತ್ತದೆ, ಅದೇ ತೊಂದರೆ.

ನಿನ್ನೆ, ಅಡುಗೆಮನೆ. ಟೀ ಲೋಟದಿಂದ ಹಬೆ.
ಹದಿನಾರರ ಹುಡುಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತು
"ಅಪ್ಪಾ, ನನಗೆ ಹ... ಹ..."
ಇದು ನನಗೆ ಗೊತ್ತು. ಹತ್ತು ವರ್ಷದಿಂದ ಗೊತ್ತು.
ಹಸಿವು. ಪ್ರತಿಸಲ ಹಸಿವೆಂದೆ, ಪ್ರತಿಸಲ
ಸೊಪ್ಪಿನ ಸಾರು ಬಿಸಿಮಾಡಿ ಇಟ್ಟೆ,
ಪ್ರತಿಸಲ ಅವಳು ಸುಮ್ಮನೆ ಕುಡಿದಳು.

ಜೇಬಿನಲ್ಲಿ ಕೈ. ಕಾಯಿಯ ಚೂಪಿಗೆ ಹೆಬ್ಬೆರಳು.
"ಹ..."
ಒಲೆಯ ಮೇಲೆ ನೀರು ಉಕ್ಕಿ ಉರಿ ಚುರ್ರೆಂದಿತು, ನಾನು ಏಳಲಿಲ್ಲ.
"ಹ..."
ಅವಳ ಕೊರಳ ನರ ಉಬ್ಬಿತು, ನಾನು ಕಣ್ಣು ತಪ್ಪಿಸಲಿಲ್ಲ.
"ಹ... ಹಡಗು. ಹಡಗಿನ ಇಂಜಿನ್ ಕ... ಕಲೀಬೇಕು ನಾನು."

ಹಡಗು.
ಅವಳ ಬೆನ್ನ ಹಿಂದೆ, ಕಿಟಕಿಯಾಚೆ, ಕಪ್ಪು ಸಮುದ್ರದಲ್ಲಿ
ಹತ್ತು ವರ್ಷದಿಂದ ನಿಂತೇ ಇತ್ತು.
ನಾನು ಸಾರು ಬಡಿಸುತ್ತಿದ್ದೆ.

ಏನು ಹೇಳಬೇಕಿತ್ತೋ. ಬಾಯಿಂದ ಬಂದದ್ದು:
"ಹುಡುಗಿಯರು ಅಲ್ಲೆಲ್ಲಾ..."
"ಅಪ್ಪಾ," ಅಂದಳು, ಒಂದೂ ತೊಡರಿಲ್ಲದೆ, "ಕಾಯಿ."

ತೆಗೆದು ಬಲಜೇಬಿಗೆ ಹಾಕಿದೆ.
ಈ ಲೆಕ್ಕ ಅವಳಿಗೆ ಯಾವಾಗಿನಿಂದ ಗೊತ್ತೋ,
ಕೇಳಬೇಕೆಂದಿದ್ದೆ.
ಅವಳ ಮಾತು ಇನ್ನೂ ಮುಗಿದಿರಲಿಲ್ಲ.