ಅಂಚು ಸರಿಯಿಲ್ಲ

ಸುಂಟಿಕೊಪ್ಪದಲ್ಲಿ, ಬಾಲನ್ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಒಂದು ಹಣ್ಣು ಬರೆದೆ.
ಪೆನ್ ಟೂಲಿನ ಹದಿನಾರು ಚುಕ್ಕಿ, ಎಂಟು ಏಣು,
ಹೊಸ ಸೋಪಿನಷ್ಟು ನುಣುಪು.
ಬೊಳ್ಳಮ್ಮ ಕನ್ನಡಕ ಏರಿಸಿ ನೋಡಿದರು:
"ಇದೇನು, ಪ್ಲಾಸ್ಟಿಕ್ ಕುಂಬಳವಾ?
ನಮ್ಮ ಮರದ್ದು ಹೀಗಿರೋದಿಲ್ಲ.
ಉದುರಿದ್ದಕ್ಕೆ ಉದುರಿದ ಗುರುತಿರುತ್ತದೆ."
ಕಾಚಂಪುಳಿಯ ಲೇಬಲ್ಲು. ಇನ್ನೂರೈವತ್ತು ಬಾಟಲಿ.
ಅರ್ಧ ದುಡ್ಡು ಮುಂಗಡ.

ಅವರು ಇಳಿದು ಹೋದ ಮೇಲೆ ಹಣ್ಣನ್ನು ಹಿಗ್ಗಿಸುತ್ತ ಹೋದೆ,
ನೂರು, ಎಂಟುನೂರು, ಆರು ಸಾವಿರ ಪರ್ಸೆಂಟು.
ಎಷ್ಟು ಹತ್ತಿರ ಹೋದರೂ ಅಂಚು ಅಂಚೇ.
ಒಳಗೆ ಹಳದಿ, ಹೊರಗೆ ಬಿಳಿ,
ನಡುವೆ ಒಂದು ಮಾತೂ ಇಲ್ಲ.
ಇಷ್ಟು ಖಚಿತವಾಗಿ ಮುಗಿಯುವ ವಸ್ತುವನ್ನು
ಈ ಊರಲ್ಲಿ ನಾನು ಕಂಡಿಲ್ಲ.
ಇಲ್ಲಿ ಗೋಡೆ ಪಾಚಿಯಾಗಿ ಮುಗಿಯುತ್ತದೆ,
ಡಾಂಬರು ಜಲ್ಲಿಯಾಗಿ,
ನಾಲ್ಕೂವರೆಯ ಬಸ್ಸು ಐದೂಕಾಲಾಗಿ.

ಬ್ರಷ್‌ಗಳ ಪಟ್ಟಿ ಉದ್ದವಿತ್ತು:
ಒಣ ಶಾಯಿ, ಇದ್ದಿಲು, ಸೀಮೆಸುಣ್ಣ, ಸ್ಪಂಜು,
ಯಾರದೋ ಊರಿನ ಯಾರದೋ ಒರಟು.
ಒಂದೊಂದನ್ನೂ ತೊಡಿಸಿ ನೋಡಿದೆ.
ಬಾಡಿಗೆ ಕೋಟಿನ ಮದುಮಗನಂತೆ
ಹಣ್ಣು ತೋಳು ಅಗಲಿಸಿ ನಿಂತಿತು.

ಕೊನೆಗೆ ಸ್ಯಾಂಪಲ್ಲಿಗೆ ಕೊಟ್ಟಿದ್ದ ಬಾಟಲಿಯ ಮುಚ್ಚಳ ತೆಗೆದೆ.
ತೆಂಗಿನ ನಾರಿನ ತುದಿಯನ್ನು ಜಜ್ಜಿ,
ಆ ಕಪ್ಪಿನಲ್ಲಿ ಅದ್ದಿ,
ದಪ್ಪ ಕಾಗದದ ಮೇಲೆ ಎಳೆದೆ.
ಮೊದಲು ತುಂಬು, ಆಮೇಲೆ ಸೀಳು, ಆಮೇಲೆ
ಎಳೆ ಎಳೆಯೂ ತನ್ನ ಪಾಡಿಗೆ ಹೊರಟ ಗೆರೆ.
ಕೋಣೆಯೆಲ್ಲ ಹುಳಿ. ಕೆಳಗಿನಿಂದ ಬಾಲನ್ ಕೂಗಿದ:
"ಮೇಲೆ ಪಂದಿ ಬೇಯ್ತಾ ಇದೆಯಾ? ನನಗೂ ಇಡಿ!"

ಸ್ಕ್ಯಾನ್ ಮಾಡಿದೆ, ಬಿಳಿಯನ್ನು ಕಳೆದೆ, ಬ್ರಷ್ಷಾಗಿ ಉಳಿಸಿದೆ.
ಹೆಸರು ಕೇಳಿತು. ಹುಳಿ ಒಂದು, ಎಂದೆ.
ಏಣುಗಳ ಸುತ್ತ ಅದನ್ನು ಹರಿಸಿದಾಗ
ಹಣ್ಣಿಗೆ ಚರ್ಮ ಬಂತು.

ಅರ್ಧ ಗಂಟೆ ಖುಷಿಯೂ ಬಂತು.
ಆಮೇಲೆ ಕಣ್ಣಿಗೆ ಬಿತ್ತು: ಬಲಕ್ಕೊಂದು ಸಣ್ಣ ಕಚ್ಚು,
ಎಡಕ್ಕೂ ಅದೇ ಕಚ್ಚು,
ಕೆಳಗೂ, ತೊಟ್ಟಿನ ಬಳಿಯೂ,
ಒಂದೇ ಇಲಿ ಟೇಪು ಹಿಡಿದು ಅಳೆದು ಕಚ್ಚಿದಂತೆ.
ಒರಟು ಕೂಡ ಯೂನಿಫಾರ್ಮ್ ತೊಟ್ಟು
ಸಾಲಾಗಿ ನಿಲ್ಲಬಲ್ಲದು
ಎಂದು ಯಾರೂ ಹೇಳಿರಲಿಲ್ಲ ನನಗೆ.

ಮತ್ತೆ ನಾರು, ಮತ್ತೆ ಕಪ್ಪು.
ಹುಳಿ ಎರಡು, ಹುಳಿ ಮೂರು, ಹುಳಿ ಏಳು.
ಹನ್ನೊಂದರ ಹೊತ್ತಿಗೆ ಕೈ ಸೋತಿತ್ತು,
ನಾರು ನಡುದಾರಿಯಲ್ಲೇ ಒಣಗಿ ಕಾಗದ ಬಿಟ್ಟಿತು.
ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು.
ಹಣ್ಣು ಬಿದ್ದು ನೆಲ ಮುಟ್ಟುವ ಕಡೆಗೆ
ಅದನ್ನು ಇಟ್ಟೆ.
ಬೊಳ್ಳಮ್ಮ ನೋಡಿ ಏನೂ ಹೇಳಲಿಲ್ಲ,
ಬೆರಳಿನಿಂದ ಪರದೆಯನ್ನು ಒಮ್ಮೆ ಕೆರೆದರು.

ಸೋಮವಾರ, ಕುಶಾಲನಗರದ ಪ್ರೆಸ್ಸಿನಿಂದ ಹಂಝಣ್ಣ:
"ನಿಮ್ಮ ಫೈಲಿನ ಅಂಚು ಸರಿಯಿಲ್ಲ, ಹರಿದು ಬಂದಿದೆ.
ಹೆದರಬೇಡಿ, ರಾತ್ರಿ ಕೂತು ನಾನೇ ಪೂರಾ ನುಣ್ಣಗೆ ಮಾಡಿದ್ದೇನೆ.
ಅದಕ್ಕೆ ಬೇರೆ ಚಾರ್ಜೇನೂ ಬೇಡ."
ದನಿಯಲ್ಲಿ ನಿದ್ದೆಗೆಟ್ಟ ಒಳ್ಳೆಯತನ.
ಬೈಯಲು ತೆರೆದ ಬಾಯಿ ತೆರೆದೇ ಇತ್ತು.

"ಹಳೆಯದನ್ನು ಅಳಿಸಿಲ್ಲ ತಾನೆ?"
"ಇದೆ, ಇದೆ." ಹಿಂದೆ ಮೆಷಿನ್ನಿನ ಸದ್ದು.
"ಬೇಕೂಂತಲೇ ಮಾಡಿದ್ದಾ ಅದು?"
"ಹೌದು. ಹನ್ನೊಂದು ಸಲ."

ತುಸು ಹೊತ್ತು ಬರೀ ಮೆಷಿನ್ನೇ ಮಾತಾಡಿತು.
"ಮೊದಲೇ ಹೇಳಬಾರದಿತ್ತಾ," ಎಂದರು,
"ನಮ್ಮ ಹಳೇ ಟ್ರೆಡಲ್ ಇದನ್ನೆಲ್ಲ
ಪುಕ್ಕಟೆ ಮಾಡಿಕೊಡ್ತಿತ್ತು.
ಅದಕ್ಕೇ ಅಲ್ಲವಾ
ಗುಜರಿಗೆ ಹಾಕಿದ್ದು."